ಕಂದು ಗೋಡೆಯ ಹುಸೇನಪ್ಪ

ಪೇಂಟರ್ ಹುಸೇನಪ್ಪ ಗೋಡೆಯನ್ನು ಕಣ್ಣಿಂದ ನೋಡುವ ಮೊದಲು ಕೆನ್ನೆಯಿಂದ ನೋಡುತ್ತಿದ್ದರು. ಯಾರ ಮನೆಗೆ ಬಣ್ಣ ಹಚ್ಚಲು ಹೋದರೂ ಮೊದಲ ಕೆಲಸ ಅದೇ. ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಸುತ್ತಿದ ಟವೆಲ್ಲನ್ನು ಹೆಗಲಿಗೆ ಇಳಿಸಿ, ಗೋಡೆಯ ಒಂದು ತುದಿಗೆ ಹೋಗಿ ಬಲಗೆನ್ನೆಯನ್ನು ಅದಕ್ಕೆ ಒತ್ತುವರು. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಗೋಡೆಯುದ್ದಕ್ಕೂ ನೋಡುತ್ತ ನಿಂತುಬಿಡುವರು. ಮಸ್ಕಿಯ ನಮ್ಮ ಮನೆಗೆ ಮೊದಲ ಸಲ ಬಂದಾಗ ಹೀಗೆ ನಿಂತದ್ದನ್ನು ಕಂಡು, ಪಾಪ ಬಸ್ಸಿನಲ್ಲಿ ಬಂದು ತಲೆ ತಿರುಗಿರಬೇಕು ಎಂದು ನಾನು ನೀರು ತಂದುಕೊಟ್ಟೆ. ಅವರು ನೀರು ಕುಡಿದು, ಕೆನ್ನೆಗೆ ಅಂಟಿದ ಸುಣ್ಣವನ್ನೂ ಒರೆಸಿಕೊಳ್ಳದೆ, "ಗ್ವಾಡಿಗೆ ವಯಸ್ಸಾಗೈತ್ರೀ ಟೀಚರ್ರೀ. ಆದ್ರ ಗಟ್ಟಿ ಐತಿ, ನಿಮ್ಮವ್ವನಂಗ" ಎಂದರು. ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವ, "ಯಾವನಂವಾ, ಬಂದ ಕೂಡ್ಲೆ ನನ್ನ ವಯಸ್ಸಿಗೆ ಬಂದಾನ?" ಎಂದು ಕೂಗಿದಳು. ಇಬ್ಬರಿಗೂ ಅವತ್ತಿನಿಂದ ಸ್ನೇಹ ಕುದುರಿತು.

ಹುಸೇನಪ್ಪ ತುರ್ವಿಹಾಳದವರು. ಅರವತ್ತರ ಆಸುಪಾಸು. ಒಣಗಿದ ಮೈ, ಉದ್ದ ಕೈ. ಉಗುರಿನ ಸಂದಿಯಲ್ಲಿ ಕಂದು ಬಣ್ಣ ಕೂತಿರುತ್ತಿತ್ತು. ಎಷ್ಟು ಸೀಮೆಎಣ್ಣೆ ಹಾಕಿ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಸಿಂಧನೂರಿನ ಬಣ್ಣದ ಅಂಗಡಿಗಳಲ್ಲಿ ಅವರನ್ನು "ಚಾಕ್ಲೇಟ್ ಹುಸೇನಪ್ಪ" ಎನ್ನುತ್ತಿದ್ದರು. ಹುಡುಗನಾಗಿದ್ದಾಗ ಸರ್ಕಾರಿ ಕ್ವಾರ್ಟರ್ಸುಗಳ ಬಾಗಿಲು, ಕಿಟಕಿಗಳಿಗೆ ಚಾಕ್ಲೇಟ್ ಕಲರ್ ಆಯಿಲ್ ಪೇಂಟ್ ಹಚ್ಚಿ ಕೆಲಸ ಕಲಿತವರಂತೆ. ಆಮೇಲೆ ಜನ ಫೋನಿನಲ್ಲಿ ಚಿತ್ರ ನೋಡಿ ಪಡಸಾಲೆಯ ಒಂದು ಗೋಡೆಗೆ ಕಡುಗಂದು ಬೇಕು ಎಂದು ಕೇಳತೊಡಗಿದಾಗ, ಬೇರೆ ಪೇಂಟರುಗಳು ಅನುಮಾನಪಟ್ಟರೂ ಹುಸೇನಪ್ಪನವರು, "ನೋಡ್ರಿ, ಕಡೀಗೂ ಬಾಗಿಲದಾಗಿನ ಬಣ್ಣ ಒಳಗ ಬಂತು" ಎಂದು ಖುಷಿಪಟ್ಟರು.

ಅಂಗಡಿಯ ಯಂತ್ರ ಕಲಸಿಕೊಡುವ ಕಂದನ್ನು ಅವರು ನಂಬುತ್ತಿರಲಿಲ್ಲ. ತಾವೇ ಕೆಂಪು, ಕಪ್ಪು, ಚೂರು ಹಳದಿ ಸೇರಿಸಿ, ಕಟ್ಟಿಗೆಯಿಂದ ತಿರುವಿ, ಹೆಬ್ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿಯುತ್ತಿದ್ದರು. ಅವರ ಕಂದುಗಳಿಗೆ ಅವರದೇ ಹೆಸರುಗಳಿದ್ದವು: ಹಳೇ ಹುಣಸಿಹಣ್ಣು, ಕಾಸಿದ ಬೆಲ್ಲ, ನೀರುಂಡ ಎರಿಹೊಲ. ಸಾಲಗುಂದದಲ್ಲಿ ಒಬ್ಬರು ಶೇಡ್ ಕಾರ್ಡಿನಲ್ಲಿ ಬೆರಳಿಟ್ಟು ನಂಬರು ಹೇಳಿದರೆ, ಇವರು ಅವರ ಅಂಗಳಕ್ಕೆ ಹೋಗಿ ಕಟ್ಟಿದ್ದ ಎಮ್ಮೆಯನ್ನು ತೋರಿಸಿ, "ಇದರ ಕೊಂಬಿನ ಬಣ್ಣ ಮಾಡ್ಲೇನ್ರಿ?" ಎಂದು ಕೇಳಿದ್ದರಂತೆ. ಆರ್.ಎಚ್. ಕ್ಯಾಂಪಿನ ಬಂಗಾಲಿ ನಿರಾಶ್ರಿತರ ಮನೆಗಳಲ್ಲಿ ಮೀನು ಅನ್ನ ಉಂಡು, ಅವರ ಭಾಷೆಯ ನಾಲ್ಕು ಮಾತು ಕಲಿತು, ಅದನ್ನು ನಮ್ಮವ್ವನ ಮುಂದೆ ಆಡಿ ನಗಿಸುತ್ತಿದ್ದರು.

ಕಂದು ಬಣ್ಣದ ವಿಷಯದಲ್ಲಿ ಮಾತ್ರ ಅವರದು ಒಂದೇ ಹಟ. ಒಂದು ಗೋಡೆ ಕಂದು, ಉಳಿದ ಮೂರು ಬಿಳಿ. ಲಿಂಗಸುಗೂರಿನಲ್ಲಿ ಹೊಸ ಮನೆ ಕಟ್ಟಿದ್ದ ರಿಟೈರ್ಡ್ ಇಂಜಿನಿಯರೊಬ್ಬರು ಮಲಗುವ ಕೋಣೆಯ ನಾಲ್ಕೂ ಗೋಡೆಗೆ ಕಂದೇ ಬೇಕೆಂದು ಕೂತರು. ಹುಸೇನಪ್ಪ ಎರಡು ದಿನ ಬೇಡಿಕೊಂಡರು. "ಸಾಹೇಬ್ರ, ಬೆಳಕು ಎಲ್ಲಿಂದರ ತಿರುಗಿ ಬರಬೇಕಲ್ರಿ. ನಾಕೂ ಕಡೆ ಕಂದು ಹಚ್ಚಿದ್ರ ಹಗಲ ಒಳಗ ಬರೂದಿಲ್ಲ" ಎಂದರು. ಸಾಹೇಬರು ಫೋನಿನಲ್ಲಿದ್ದ ಚಿತ್ರ ತೋರಿಸಿದರು. ಇವರು ಹಚ್ಚಿಕೊಟ್ಟರು. ಎಂಟನೇ ದಿನಕ್ಕೆ ಸಾಹೇಬರ ಹೆಂಡತಿಯದೇ ಫೋನು: ಮೊಮ್ಮಗಳು ಆ ಕೋಣೆಯ ಹೊಸ್ತಿಲು ದಾಟುತ್ತಿಲ್ಲ, ತಮಗೂ ಅಲ್ಲಿ ಯಾರೋ ಕೂತಂತೆ ಅನಿಸುತ್ತದೆ, ದಯವಿಟ್ಟು ಬಂದು ಬಿಳಿ ಮಾಡಿಕೊಡಿ. ಈ ಕತೆಯನ್ನು ಹುಸೇನಪ್ಪ ನಮ್ಮನೆಯಲ್ಲಿ ಚಹಾ ಕುಡಿಯುತ್ತ ಅಭಿನಯ ಮಾಡಿ ತೋರಿಸುವಾಗ ನಾನು ಸುಮ್ಮನೆ, "ನಿಮ್ಮನಿಗೆ ಯಾವ ಬಣ್ಣ ಹಚ್ಚೀರಿ?" ಎಂದು ಕೇಳಿದೆ.

"ನಾಕೂ ಗ್ವಾಡಿ ಕಂದು ರೀ," ಎಂದರು. ಹೇಳಿ, ಚಹಾದ ಬಟ್ಟಲನ್ನು ಇಟ್ಟು, ಎದ್ದು ಕೆಲಸಕ್ಕೆ ಹೋದರು. ಅವತ್ತು ನಾನು ಅದನ್ನು ಅವರ ತಮಾಷೆ ಎಂದುಕೊಂಡೆ.

ನಮ್ಮ ಮನೆಗೆ ಅವರನ್ನು ಕರೆಸಿದ್ದಕ್ಕೆ ಕಾರಣವಿತ್ತು. ಅಪ್ಪ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ನಿವೃತ್ತರಾದ ಮೇಲೆ ಇಪ್ಪತ್ತು ವರ್ಷ ಪಡಸಾಲೆಯಲ್ಲಿ, ಬುದ್ಧನ ಫೋಟೋದ ಕೆಳಗೆ, ಒಂದೇ ಜಾಗದಲ್ಲಿ ಗೋಡೆಗೊರಗಿ ಕೂತು ಪೇಪರ್ ಓದಿದರು. ಅವರು ತೀರಿಕೊಂಡ ಮೇಲೆ ಅವರ ತಲೆಯ ಎಣ್ಣೆಯ ಕಲೆ ಅಲ್ಲಿ ಉಳಿಯಿತು. ಎರಡು ಸಲ ಕೆನೆ ಬಣ್ಣ ಹಚ್ಚಿಸಿದೆ. ಎರಡು ಸಲವೂ ತಿಂಗಳೊಳಗೆ ಕಲೆ ಮತ್ತೆ ಮೇಲೆ ಬಂತು, ಅದೇ ಆಕಾರದಲ್ಲಿ. ಸಂಜೆ ಶಾಲೆಯಿಂದ ಬಂದು ಬಾಗಿಲು ತೆರೆದರೆ ಮೊದಲು ಕಾಣುವುದೇ ಅದು. ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಅಪ್ಪನ ನೆನಪು ಬೇಕು, ಆದರೆ ಹೀಗೆ ದಿನವೂ ಗೋಡೆಯಿಂದ ಹೊರಗೆ ಬರುವುದು ಬೇಡವಾಗಿತ್ತು. ಕಡುಗಂದು ಆಯಿಲ್ ಪೇಂಟ್ ಹಚ್ಚಿದರೆ ಯಾವ ಕಲೆಯೂ ಮೇಲೆ ಬರುವುದಿಲ್ಲವೆಂದು ಯಾರೋ ಹೇಳಿದರು.

ಹುಸೇನಪ್ಪ ಕಲೆಯ ಮೇಲೆ ಅಂಗೈ ಇಟ್ಟು, "ಯಾರದ್ರೀ ಇದು?" ಎಂದು ಕೇಳಿದರು.

"ನಮ್ಮಪ್ಪಂದು."

"ಅವ್ವನ್ನ ಕೇಳಿರೇನು?"

ನಾನು ಕೇಳಿರಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದು, ಅವ್ವ ತನ್ನ ತಂಗಿಯ ಮನೆಗೆ ಹೋದ ಆ ದಿನವೇ ನೋಡಿ ಅವರನ್ನು ಮತ್ತೆ ಕರೆಸಿದ್ದೆ. ಹುಸೇನಪ್ಪ ಬ್ರಶ್ಶನ್ನು ಚೀಲದಿಂದ ತೆಗೆಯಲೇ ಇಲ್ಲ. "ಮುಚ್ಚಿದ ಮ್ಯಾಲೆ ತೆಗಿಯಾಕ ಬರಂಗಿಲ್ಲ ಟೀಚರ್ರೀ. ಕೇಳ್ರಿ ಮೊದಲು" ಎಂದು ಸಿಂಧನೂರಿನ ಬಸ್ಸು ಹತ್ತಿದರು. ಮರುದಿನ ಅವ್ವ ಮರಳಿದ ಮೇಲೆ ಬಂದವರು ನೇರ ಅಡಿಗೆಮನೆಗೆ ಹೋಗಿ ಅವ್ವನನ್ನೇ ಕೇಳಿದರು. ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, "ಹಚ್ಚಪಾ. ಬಣ್ಣ ಹಚ್ಚು. ಆದ್ರ ತಗ್ಗು ತುಂಬಬ್ಯಾಡ" ಎಂದಳು.

ಯಾವ ತಗ್ಗು ಎಂದು ನನಗೆ ತಿಳಿಯಲಿಲ್ಲ. ಹುಸೇನಪ್ಪನವರಿಗೆ ತಿಳಿದಿತ್ತು. ನಮ್ಮದು ಮಣ್ಣಿನ ಗಿಲಾವು ಮೆತ್ತಿದ ಹಳೆಯ ಗೋಡೆ. ಇಪ್ಪತ್ತು ವರ್ಷ ತಲೆ ಒರಗಿ ಒರಗಿ ಅಲ್ಲಿ ಅಂಗೈಯಗಲ ಸವೆದು ತಗ್ಗಾಗಿತ್ತು. ಅವರು ಇಡೀ ಗೋಡೆಗೆ ಉಪ್ಪುಕಾಗದ ತಿಕ್ಕಿ ನಯ ಮಾಡಿ, ಆ ಅಂಗೈಯಗಲದ ತಗ್ಗನ್ನು ಮಾತ್ರ ತುಂಬದೆ ಬಿಟ್ಟು, ಎಲ್ಲದರ ಮೇಲೂ ಮೂರು ಕೈ ಕಂದು ಹಚ್ಚಿದರು. ಹಳೇ ಹುಣಸಿಹಣ್ಣಿನ ಬಣ್ಣ. ಕಲೆ ಹೋಯಿತು. ಪಡಸಾಲೆ ಲಕ್ಷಣವಾಯಿತು, ಬಂದವರೆಲ್ಲ ಹೊಗಳಿದರು. ನನಗೂ ಹಗುರವಾಯಿತು.

ಆದರೆ ಮರುದಿನ ಬೆಳಿಗ್ಗೆ ತಲಬಾಗಿಲು ತೆಗೆದಾಗ ಬಿಸಿಲು ಅಡ್ಡಲಾಗಿ ಒಳಗೆ ಬಂದು ಆ ಗೋಡೆಯ ಮೇಲೆ ಬಿತ್ತು. ಹೊಳೆಯುವ ಕಂದಿನಲ್ಲಿ ಅಪ್ಪನ ತಲೆಯ ತಗ್ಗು ನೆರಳು ತುಂಬಿಕೊಂಡು ಎದ್ದು ಕಂಡಿತು. ಐದು ನಿಮಿಷ ಇದ್ದು ಹೋಯಿತು. ಅವ್ವ ಅಲ್ಲೇ ಎದುರಿಗೆ ಚಹಾ ಹಿಡಿದು ಕೂತಿದ್ದಳು. ಅವಳಿಗೆ ಇದು ಹೇಗೆ ಗೊತ್ತಿತ್ತೋ ನಾನು ಇಂದಿಗೂ ಕೇಳಿಲ್ಲ.

ಉಳಿದ ಸಾಮಾನು ಒಯ್ಯಲು ಬಂದ ಹುಸೇನಪ್ಪನವರಿಗೆ ನಾನು ಇದನ್ನು ಜಗಳದ ದನಿಯಲ್ಲೇ ಹೇಳಿದೆ. ಅವರು ನಗಲಿಲ್ಲ. "ಕಂದು ಬಣ್ಣ ಹಂಗ ರೀ. ಕಲಿ ಮುಚ್ತದ, ಗ್ವಾಡಿಗೆ ಆಗಿದ್ದ ಗಾಯ ತೋರಿಸ್ತದ. ಅದಕ್ಕ ಅಲ್ಲೇನ್ರಿ ನಾನೂ ನಮ್ಮನ್ಯಾಗ ಹಚ್ಚಿದ್ದು" ಎಂದರು. ಆಮೇಲೆ ಡಬ್ಬಿಯ ಮೇಲೆ ಕೂತು, ನನ್ನನ್ನು ನೋಡದೆ ಬಾಗಿಲ ಕಡೆ ನೋಡುತ್ತ ಹೇಳಿದರು.

"ನನಗೊಬ್ಬಾಕಿ ಮಗಳಿದ್ಲು. ಹುಲಿಗೆಮ್ಮ. ನಾಕನೇ ಕ್ಲಾಸಿನ್ಯಾಗಿದ್ಲು. ಮೂವತ್ತು ವರ್ಷದ ಮಾತು. ಲಿಂಗಸುಗೂರಾಗ ಕೆಲಸ ಮುಗಿಸಿ ಮೊಹರಂ ಹಬ್ಬಕ್ಕಂತ ಮನಿಗಿ ಬಂದ್ರ, ಪಡಸಾಲಿ ಗ್ವಾಡಿ ಮ್ಯಾಲೆ ಮೊಳಿ ತಗೊಂಡು ಗೀಚಿ ಬರದಾಳ. ಹೊಸಾ ಗಿಲಾವು, ನಾನ ಮಾಡಿದ್ದು. ಸಿಟ್ಟು ಬಂತು, ಎರಡೇಟು ಹಾಕಿದೆ. ಮೊದಲೂ ಹೊಡೀತಿದ್ದೆ ರೀ, ಸುಳ್ಳ ಯಾಕ ಹೇಳ್ಲಿ. ಸುಣ್ಣ ಕಲಸಾಕ ಕುಂತೆ. ಅಕಿ ಅಳಕೋತ ಬಂದು, ‘ಎಪ್ಪಾ, ಏನ ಬರದೀನಿ ಅಂತ ಯಾರನ್ನರ ಕೇಳು, ಓದಿಸು, ಆಮ್ಯಾಲೆ ಬಳಿ’ ಅಂದ್ಲು. ನನಗ ಅಕ್ಷರ ಬರಂಗಿಲ್ಲ. ‘ಹಬ್ಬ ಐತಿ, ಸರಿ ಅತ್ಲಾಗ’ ಅಂದೆ. ಮೂರು ಕೈ ಬಳದೆ. ಒಂದಕ್ಷರ ಉಳೀಲಿಲ್ಲ. ಭಾಳ ಚಲೋ ಕೆಲಸ ಮಾಡಿದ್ದೆ."

ಹಬ್ಬ ಮುಗಿದು ಹದಿನೈದು ದಿನಕ್ಕೆ ಹುಡುಗಿಗೆ ಜ್ವರ ಬಂತು. ನಾಲ್ಕು ದಿನದ ಜ್ವರ, ಅಷ್ಟೇ. ಏನು ಬರೆದಿದ್ದಳೆಂದು ಅವಳು ತಾಯಿಗೂ ಹೇಳಿರಲಿಲ್ಲ. ತಾಯಿ ಈರಮ್ಮನಿಗೂ ಓದು ಬಾರದು. ದಿನಕರ್ಮ ಮುಗಿಸಿದ ಮೇಲೆ ಹುಸೇನಪ್ಪ ಕೆರೆಯುವ ಪಟ್ಟಿ ಹಿಡಿದು ಆ ಗೋಡೆಯ ಮುಂದೆ ಕೂತರು. ಸುಣ್ಣ ಬಿಡಿಸುತ್ತ ಹೋದರೆ ಸುಣ್ಣದ ಜೊತೆ ಗಿಲಾವೂ ಬಂತು. ವರ್ಷಗಟ್ಟಲೆ, ಕೆಲಸವಿಲ್ಲದ ದಿನವೆಲ್ಲ, ಇಷ್ಟಿಷ್ಟೇ ಕೆರೆದರು. ಕೊನೆಗೆ ಕಡುಗಂದು ಆಯಿಲ್ ಪೇಂಟ್ ಹಚ್ಚಿದರೆ ಅಡ್ಡ ಬಿಸಿಲಿನಲ್ಲಿ ಗೀರುಗಳು ಎದ್ದು ಕಾಣುತ್ತವೆಂದು ತಮ್ಮ ಕಸುಬಿನ ಅನುಭವದಿಂದ ಗೊತ್ತಾಗಿ ಅದನ್ನು ಹಚ್ಚಿದರು. ಬೇರೆ ಕಡೆಯಿಂದ ಬೆಳಕು ಬಂದು ಕೆಡಿಸಬಾರದೆಂದು ಉಳಿದ ಮೂರಕ್ಕೂ ಹಚ್ಚಿದರು.

"ಗೀರು ಕಾಣ್ತಾವ್ರೀ, ದಿನಾ ಮುಂಜಾನೆ. ಅಕ್ಷರನೋ ಏನೋ ನನಗ ತಿಳಿಯಂಗಿಲ್ಲ."

"ಊರಾಗ ಯಾರಿಗೂ ತೋರಿಸಲಿಲ್ಲೇನು?"

"ಹೆದರಿಕಿ ರೀ. ನಮ್ಮಪ್ಪ ಹೊಡೀತಾನ, ನಮ್ಮಪ್ಪ ಕೆಟ್ಟಾಂವ ಅಂತ ಬರದಿದ್ರ? ಊರಿಗೆಲ್ಲಾ ಗೊತ್ತಾಗ್ತದ. ಗೊತ್ತಾಗ್ಲಿ ಬಿಡ್ರಿ, ನನಗ ಗೊತ್ತಾಗ್ತದಲ್ಲ." ಉಗುರಿನ ಸಂದಿಯ ಬಣ್ಣ ಕೆರೆಯುತ್ತ, "ನೀವು ಬ್ಯಾರೆ ಊರವರು. ಸಣ್ಣ ಹುಡುಗರ ಅಕ್ಷರ ಓದೋದ ನಿಮ್ಮ ಕೆಲಸ. ಒಂದಿನ ಬಂದು ನೋಡ್ತೀರೇನು?" ಎಂದರು.

ಬರುತ್ತೇನೆ ಎಂದೆ. ಹೋಗಲಿಲ್ಲ. ಪರೀಕ್ಷೆ, ತರಬೇತಿ, ಅವ್ವನ ಮೊಣಕಾಲು, ಹೀಗೆ ನೆಪಗಳಿಗೇನೂ ಬರವಿರಲಿಲ್ಲ. ಅವರು ಎರಡು ಮೂರು ಸಲ ಫೋನು ಮಾಡಿ ಅವ್ವನ ಆರೋಗ್ಯ, ಗೋಡೆಯ ಆರೋಗ್ಯ ವಿಚಾರಿಸಿದರು. ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಿತ್ತು. ಅವರು ಅಂಜುತ್ತಿದ್ದ ಮಾತೇ ಅಲ್ಲಿ ಬರೆದಿದ್ದರೆ, ಅದನ್ನು ಗಟ್ಟಿಯಾಗಿ ಓದಿ ಹೇಳಬೇಕಾದವಳು ನಾನಾಗಿದ್ದೆ. ಒಂದು ವರ್ಷ ಹೀಗೇ ಹೋಯಿತು. ಬೆಳಿಗ್ಗೆ ನಮ್ಮ ಪಡಸಾಲೆಗೆ ಬಿಸಿಲು ಬಂದಾಗಲೆಲ್ಲ ನನಗೆ ಅಪ್ಪನಿಗಿಂತ ಆ ನೋಡದ ಹುಡುಗಿಯೇ ಹೆಚ್ಚು ನೆನಪಾಗತೊಡಗಿದಳು.

ಒಂದು ದಿನ ಈರಮ್ಮನ ಫೋನು ಬಂತು. "ಅವರಿಗೆ ಎದಿಯಾಗ ಕೆಮ್ಮು ಕುಂತೈತ್ರೀ. ಏಳಾಕ ಆಗವಲ್ದು. ಮಸ್ಕಿ ಟೀಚರ್ ಬಂದ್ರೇನು ಅಂತ ಕೇಳಾಕತ್ತಾರ." ಮರುದಿನ ಮೊದಲ ಬಸ್ಸಿಗೆ ಹೊರಟು, ಸಿಂಧನೂರಿನಲ್ಲಿ ಬದಲಿಸಿ, ಬಿಸಿಲೇರುವ ಮೊದಲು ತುರ್ವಿಹಾಳ ಮುಟ್ಟಿದೆ.

ಆ ಮನೆಯ ಒಳಗೆ ಕಾಲಿಟ್ಟಾಗ ಲಿಂಗಸುಗೂರಿನ ಸಾಹೇಬರ ಮೊಮ್ಮಗಳ ಅಂಜಿಕೆ ನನಗೆ ಅರ್ಥವಾಯಿತು. ನಾಲ್ಕೂ ಗೋಡೆ ಕಡುಗಂದು. ಮೂಲೆಗಳು ಎಲ್ಲಿವೆ ಎಂದೇ ತಿಳಿಯುತ್ತಿರಲಿಲ್ಲ. ಹುಸೇನಪ್ಪ ಮಂಚದ ಮೇಲೆ, ಮಗಳು ಬರೆದಿದ್ದ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ ತಿರುಗಿದರು. ಮುಖದಲ್ಲಿ ಕಣ್ಣುಗಳಷ್ಟೇ ಉಳಿದಿದ್ದವು. "ಬರೋಬ್ಬರಿ ಟೈಮಿಗೆ ಬಂದೀರಿ. ಈಗ ಬರ್ತದ ಬಿಸಿಲು" ಎಂದರು.

ಬಂತು. ಬಾಗಿಲಿನಿಂದ ಓರೆಯಾಗಿ ಬಂದು ಆ ಗೋಡೆಯ ಮೇಲೆ ಹರಡಿತು. "ಕೆನ್ನಿ ಹಚ್ಚಿ ನೋಡ್ರಿ," ಎಂದರು. ನಾನು ತಣ್ಣನೆಯ ಗೋಡೆಗೆ ಕೆನ್ನೆಯೊತ್ತಿ ನೋಡಿದೆ. ಗೋಡೆಯ ತುಂಬ ಗೀರುಗಳಿದ್ದವು. ಉದ್ದ, ಅಡ್ಡ, ಒಂದರ ಮೇಲೊಂದು, ಸಾವಿರ ಗೀರುಗಳು. ಒಂದೂ ಅಕ್ಷರವಾಗಿರಲಿಲ್ಲ. ಎಲ್ಲವೂ ಅವರು ಕೆರೆದ ಪಟ್ಟಿಯ ಗೀರುಗಳು. ಮಗಳು ಬರೆದದ್ದನ್ನು ಹುಡುಕುತ್ತ ಹುಡುಕುತ್ತ ಅವರೇ ಅದನ್ನು ಪೂರ್ತಿ ಕೆರೆದು ತೆಗೆದಿದ್ದರು. ದಿನವೂ ಬೆಳಿಗ್ಗೆ ಅವರು ನೋಡುತ್ತಿದ್ದದ್ದು ತಮ್ಮ ಕೈಯ ಗುರುತನ್ನೇ.

"ಕಾಣ್ತದೇನ್ರೀ?"

ಬಾಗಿಲ ಬಳಿ ಈರಮ್ಮ ಸೆರಗು ಹಿಡಿದು ನಿಂತಿದ್ದಳು. ಬಿಸಿಲು ಸರಿಯತೊಡಗಿತ್ತು. ಮೂವತ್ತೆರಡು ವರ್ಷ ಪಾಠ ಮಾಡಿದ ನನಗೆ ಮಕ್ಕಳ ಗೋಡೆಬರಹ ಗೊತ್ತು. ಎಲ್ಲ ಮಕ್ಕಳೂ ಮೊದಲು ಏನು ಬರೆಯುತ್ತಾರೆಂಬುದೂ ಗೊತ್ತು.

"ಕಾಣ್ತದ," ಎಂದೆ.

"ಏನ ಬರದಾಳ?"

ನಾನು ಗೋಡೆಯ ಮೇಲೆ ಬೆರಳಾಡಿಸುತ್ತ ಓದಿದೆ. "ಹುಲಿಗೆಮ್ಮ. ನಾಲ್ಕನೇ ತರಗತಿ. ತುರ್ವಿಹಾಳ."

"ಅಷ್ಟ?"

"ಅಷ್ಟ."

"ನನ್ನ ಮ್ಯಾಲೆ ಏನೂ ಇಲ್ಲ?"

"ಏನೂ ಇಲ್ಲ ಹುಸೇನಪ್ಪಣ್ಣ. ಹೆಸರು ಬರಿಯಾಕ ಬಂದಿದ್ದು ಖುಷಿಯಾಗಿ ಬರದಾಳ. ಅದನ್ನ ನಿಮಗ ತೋರಿಸಬೇಕಂತಿದ್ಲು."

ಅವರು ಬಾಯಿಗೆ ಟವೆಲ್ಲು ಒತ್ತಿಕೊಂಡು ಅತ್ತರು. ಆ ಅಳುವಿನಲ್ಲಿ ನಗುವೂ ಇತ್ತು. "ಹೆಸರು ಬರದಾಳಂತ ಲೇ ಈರಿ, ಹೆಸರು!" ಎಂದು ಹೆಂಡತಿಗೆ ಹೇಳಿದರು. ಈರಮ್ಮ ತಲೆಯಾಡಿಸಿದಳು. ಹೊರಡುವಾಗ ಅವರು ಒಂದು ಹಾಳೆಯ ಮೇಲೆ ಅದನ್ನು ದೊಡ್ಡದಾಗಿ ಬರೆದುಕೊಡಲು ಕೇಳಿದರು. ಬರೆದುಕೊಟ್ಟೆ. ನನ್ನ ಕೈ ನಡುಗಿದ್ದಕ್ಕೆ ಅಕ್ಷರಗಳು ಮಕ್ಕಳ ಅಕ್ಷರದಂತೆಯೇ ಬಿದ್ದವು. ಬಸ್ಸಿನಲ್ಲಿ ಕೂತಾಗ, ಒಳ್ಳೆಯದು ಮಾಡಿದೆನೋ, ಸಾಯುವವನ ಮುಂದೆ ಸತ್ತವಳ ಹೆಸರಲ್ಲಿ ಸುಳ್ಳು ಹೇಳಿದೆನೋ ತಿಳಿಯದೆ ಮಸ್ಕಿವರೆಗೂ ಒದ್ದಾಡಿದೆ.

ಹದಿನೈದು ದಿನಕ್ಕೆ ಹುಸೇನಪ್ಪ ತೀರಿಕೊಂಡರು. ಸುದ್ದಿ ತಡವಾಗಿ ತಿಳಿಯಿತು. ನಾನು ಹೋದಾಗ ಮೂರನೇ ದಿನದ ಕಾರ್ಯ ಮುಗಿದಿತ್ತು. ಒಳಗೆ ಮಂಚ ಖಾಲಿ. ಅದರ ಪಕ್ಕದ ಕಂದು ಗೋಡೆಯ ಮೇಲೆ, ಮಲಗಿದವರ ಕೈಗೆ ಎಟಕುವಷ್ಟು ಎತ್ತರದಲ್ಲಿ, ಬಿಳಿ ಬಣ್ಣದಲ್ಲಿ ಮೂರು ಸಾಲು ಬರೆದಿತ್ತು. ಹುಲಿಗೆಮ್ಮ. ನಾಲ್ಕನೇ ತರಗತಿ. ತುರ್ವಿಹಾಳ. ಓದಲು ಬಾರದ ಹುಸೇನಪ್ಪ ನನ್ನ ಹಾಳೆಯನ್ನು ಎದುರಿಗಿಟ್ಟುಕೊಂಡು, ಸಣ್ಣ ಬ್ರಶ್ಶಿನಿಂದ, ಒಂದೊಂದು ದಿನಕ್ಕೆ ಒಂದೆರಡೇ ಅಕ್ಷರದಂತೆ ಬರೆದಿದ್ದರಂತೆ. ನನ್ನ ಕೈಯ ನಡುಕವನ್ನೂ ಬಿಡದೆ ಇಳಿಸಿದ್ದರು. ಕೆಳಗೆ ಊದಿನಕಡ್ಡಿ ಉರಿಯುತ್ತಿತ್ತು. ನನ್ನ ಸುಳ್ಳು ಗೋಡೆಯ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು. ಅದರ ಮುಂದೆ ನೆಲದ ಮೇಲೆ ಕೂತೆ.

ಈರಮ್ಮ ಪಕ್ಕದಲ್ಲಿ ಕೂತಳು. ಮೆಲ್ಲಗೆ ಹೇಳಿದಳು. "ಅವರು ತಿಂಗಳಗಟ್ಲೆ ಕೆಲಸಕ್ಕ ಹೋಗಿರ್ತಿದ್ರು ಟೀಚರ್ರೀ. ಮನೀ ಸುದ್ದಿ ಬರೋಬ್ಬರಿ ನೆನಪಿರ್ತಿದ್ದಿಲ್ಲ. ನಮ್ಮ ಹುಲಿಗಿ ನಾಕನೇ ಕ್ಲಾಸಿಗಿ ಹೋಗೇ ಇಲ್ಲ. ಮೂರನೇತ್ತದಾಗ ಇದ್ಲು."

ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. "ಅವರಿಗೆ ಹೇಳಿದ್ರೇನವ್ವಾ?" ಎಂದೆ.

"ಯಾಕ ಹೇಳ್ಲಿ?" ಎಂದಳು ಈರಮ್ಮ. "ಮೂವತ್ತು ವರ್ಷ ಆ ಗ್ವಾಡಿಗೆ ಮುಖಾ ಮಾಡಿ ಮಲಗ್ಯಾರ. ನೀವು ಹೋದ ದಿನದಿಂದ ನನ್ನ ಕಡೆ ತಿರುಗಿ ಮಲಗಿದ್ರು."